ನೂರಕ್ಕೆ ತೊಂಬತ್ತರ ಮಾತು

ನರ್ಸರಿಯ ಗೇಟಿನ ಪಕ್ಕದಲ್ಲಿ ಒಂದು ತಗಡಿನ ಬೋರ್ಡು ಇತ್ತು. ಬಿಸಿಲಿಗೆ ಅದರ ಬಣ್ಣವೆಲ್ಲ ಸಿಪ್ಪೆಯೆದ್ದು ಉದುರಿದ್ದರೂ ಒಂದು ಸಾಲನ್ನು ಮಾತ್ರ ಯಜಮಾನರು ವರ್ಷ ವರ್ಷವೂ ಹೊಸದಾಗಿ ಬರೆಸುತ್ತಿದ್ದರು: 'ನಮ್ಮಲ್ಲಿ ಕಟ್ಟಿದ ಮಾವಿನ ಕಸಿ ನೂರಕ್ಕೆ ತೊಂಬತ್ತು ಹಿಡಿಯುತ್ತದೆ.' ಬರೆಸಿದವರು ಯಜಮಾನರಾದರೂ ಮಾತು ಕಸಿ ಕಟ್ಟುವ ದೊಡ್ಡಪ್ಪನದು. ನರ್ಸರಿ ಶುರುವಾದ ಕಾಲದಲ್ಲಿ ಯಾರೋ ತೋಟದವರು ಬಂದು, "ನಿಮ್ಮ ಗಿಡ ಬದುಕುತ್ತೇನಯ್ಯಾ?" ಎಂದು ಮೂಗು ಮುರಿದಿದ್ದರಂತೆ. ದೊಡ್ಡಪ್ಪ ಚಾಕುವನ್ನು ತೊಡೆಯ ಮೇಲಿನ ಬಟ್ಟೆಗೆ ಒರೆಸಿಕೊಳ್ಳುತ್ತಾ, "ನೂರು ತಗೊಂಡು ಹೋಗಿ. ಹತ್ತು ನಿಮ್ಮ ಹಣೆಬರಹಕ್ಕೆ ಬಿಡಿ, ತೊಂಬತ್ತು ನನ್ನ ಕೈಗೆ ಬಿಡಿ" ಅಂದಿದ್ದನಂತೆ. ಆ ತೋಟದವರು ಮತ್ತೆ ಬಂದಾಗ ಅನುಮಾನ ಹೊತ್ತು ಬರಲಿಲ್ಲ, ಗಾಡಿ ಹೊಡೆದುಕೊಂಡು ಬಂದರು. ಅಂದಿನಿಂದ ಆ ಮಾತು ಬೋರ್ಡು ಹತ್ತಿತು.

ದೊಡ್ಡಪ್ಪ ಎಂದು ಅವನನ್ನು ಕರೆಯುವ ನಿಜವಾದ ಹಕ್ಕು ಅಲ್ಲಿ ಇದ್ದದ್ದು ಒಬ್ಬಳಿಗೇ. ಅವಳು ಅವನ ತಮ್ಮನ ಮಗಳು. ಆದರೆ ನರ್ಸರಿಯಲ್ಲಿ ಮಣ್ಣು ಹೊರುವವರಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದುದರಿಂದ ಅವಳ ಹಕ್ಕಿಗೆ ವಿಶೇಷ ಬೆಲೆ ಉಳಿದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ಮನೆಗಿಂತ ಹೆಚ್ಚಾಗಿ ಕಸಿ ಕಟ್ಟುವ ಚಪ್ಪರದಲ್ಲಿ. ಕಸಿಗೆಂದು ಗೊರಟೆಯಿಂದ ಬೆಳೆಸಿದ ಬೇರುಗಿಡಗಳ ರಾಶಿಗೆ ಒರಗಿಕೊಂಡು ಮಗ್ಗಿ ಒಪ್ಪಿಸಿದ್ದಳು, ಅಲ್ಲೇ ನಿದ್ದೆ ಮಾಡಿದ್ದಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದು ಅದೇ ನರ್ಸರಿಯ ಆಫೀಸು ಕೋಣೆಯಲ್ಲಿ ಕೂತ ಮೇಲೆ ಎಲ್ಲರ ಬಾಯಲ್ಲಿ ಲೆಕ್ಕದಮ್ಮ ಆದಳು. ಆ ಹೆಸರು ಮೊದಲು ಇಟ್ಟವನೂ ದೊಡ್ಡಪ್ಪನೇ.

ಕಸಿ ಕಟ್ಟುವವರು ಮೂವರಿದ್ದರು. ಬೇರುಗಿಡದ ತಲೆಯನ್ನು ಗೇಣೆತ್ತರಕ್ಕೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಜಾತಿಯ ಮರದಿಂದ ತಂದ ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಕೆತ್ತಿ, ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೇಲೊಂದು ಪ್ಲಾಸ್ಟಿಕ್ ಟೋಪಿ ತೊಡಿಸುವುದು ಅವರ ಕೆಲಸ. ತೊಗಟೆಗೆ ತೊಗಟೆ ಕೂಡಿದರೆ ಕೆಲವು ವಾರಗಳಲ್ಲಿ ತಾಮ್ರದ ಬಣ್ಣದ ಚಿಗುರು ಟೋಪಿಯೊಳಗೆ ಕಣ್ಣು ಬಿಡುತ್ತದೆ. ಇಲ್ಲದಿದ್ದರೆ ಕಡ್ಡಿ ಕಪ್ಪಾಗುತ್ತದೆ. ಯಾವುದು ಯಾರ ಕೈಯದೆಂದು ಗೊತ್ತಾಗಲೆಂದು ಒಬ್ಬೊಬ್ಬರದೂ ಒಂದೊಂದು ಬಣ್ಣದ ಪಟ್ಟಿ. ದೊಡ್ಡಪ್ಪನದು ಬಿಳಿ. ಚುರುಕ ಎಂದು ಹೆಸರು ಬಿದ್ದಿದ್ದ ಯುವಕನದು ನೀಲಿ. ಅವನ ಹೆಂಡತಿಯದು ಹಸಿರು.

ಆ ವರ್ಷ ತೋಟಗಾರರ ಸಂಘದಿಂದ ದೂರು ಬಂತು. ಸಂಘದವರು ಟೋಪಿ ಹಾಕಿದ ಹಸಿ ಕಸಿಗಳನ್ನೇ ಲಾರಿಯಲ್ಲಿ ಒಯ್ದು ತಮ್ಮ ನೆರಳುಮನೆಯಲ್ಲಿ ಚಿಗುರಿಸಿಕೊಳ್ಳುತ್ತಿದ್ದರು. ಈ ಸಲ ತೊಂಬತ್ತು ಬರುತ್ತಿಲ್ಲ, ಒಣಗಿದ್ದರಲ್ಲಿ ಬಿಳಿಪಟ್ಟಿಯವೇ ಜಾಸ್ತಿ, ಬೋರ್ಡಿನ ಮಾತು ಅಳಿಸಿ, ಇಲ್ಲವೇ ಉಳಿಸಿಕೊಳ್ಳಿ ಎಂದು ಅವರ ಮುಖ್ಯಸ್ಥ ಯಜಮಾನರ ಎದುರು ಕೂತು ಹೇಳಿ ಹೋದ.

ಮಾತಿಗೆ ಕಾಲು ಬರಲು ಎಷ್ಟು ಹೊತ್ತು ಬೇಕು. ಸಂಜೆಯೊಳಗೆ ಚಪ್ಪರದಲ್ಲೆಲ್ಲ ಅದೇ ಆಯಿತು. ಚುರುಕ ಪಟ್ಟಿ ಸುತ್ತುತ್ತಲೇ, "ವಯಸ್ಸಾಯ್ತಲ್ಲ, ಕೈ ಅಂದ್ರೆ ಕಬ್ಬಿಣವೇನು" ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಕನಿಕರದಿಂದಲೇ ಅಂದ. ಲೆಕ್ಕದಮ್ಮನಿಗೆ ಆ ಕನಿಕರವೇ ಮೈ ಉರಿಸಿತು.

ಅವಳೇ ಯಜಮಾನರ ಹತ್ತಿರ ಹೋದಳು.

"ಬಿಳಿಪಟ್ಟಿಯ ಗಿಡ ನೂರು ತೆಗೆದು ಪರೀಕ್ಷೆ ಮಾಡಿಬಿಡ್ತೀನಿ. ಬಾಯಿಗೆ ಬಂದ ಹಾಗೆ ಮಾತಾಡೋದು ನಿಲ್ಲಲಿ."

"ಬರೀ ದೊಡ್ಡಪ್ಪನದಾ?" ಯಜಮಾನರು ಕನ್ನಡಕ ತೆಗೆದು ನೋಡಿದರು. "ಮೂರು ಜನರದ್ದೂ ಮಾಡಬಹುದಲ್ಲ."

"ಮಾತು ಕೊಟ್ಟೋರು ಅವರು. ಅನುಮಾನ ಬಂದಿರೋದೂ ಅವರ ಮೇಲೆ. ಅವರದು ತೊಂಬತ್ತು ಅಂತ ಆಗಿಬಿಟ್ರೆ ಉಳಿದಿದ್ದು ತಾನಾಗೇ ತಣ್ಣಗಾಗುತ್ತೆ."

ದೊಡ್ಡಪ್ಪ ಗೆಲ್ಲುತ್ತಾನೆ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮುಂದೆ ಎಷ್ಟೋ ಸಲ ಈ ಮಾತುಕತೆ ನೆನಪಾದಾಗ ಅವಳ ಎದೆಗೆ ನಾಟುತ್ತಿದ್ದದ್ದು ಇದೇ. ಯಜಮಾನರು ಬಾಗಿಲು ತೆರೆದಿಟ್ಟಿದ್ದರು. ಮುಚ್ಚಿದವಳು ಅವಳು, ಅದೂ ಪ್ರೀತಿಯಿಂದ.

ಮರುದಿನ ಚಪ್ಪರದಲ್ಲಿ ದೊಡ್ಡಪ್ಪನ ಮಣೆಯ ಎದುರು ಕುಕ್ಕರುಗಾಲಲ್ಲಿ ಕೂತು ವಿಷಯ ಹೇಳಿದಳು. ಅವನು ಕೆಲಸ ನಿಲ್ಲಿಸಲಿಲ್ಲ. ಕಡ್ಡಿಯ ಬುಡವನ್ನು ಎರಡೇ ಎಳೆತಕ್ಕೆ ಬೆಣೆ ಮಾಡಿ, ಗಾಳಿಯಾಡದಂತೆ ತುಟಿಗಳ ನಡುವೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ಬೇರುಗಿಡ ಸೀಳಿದ. ಕಡ್ಡಿ ಸೀಳಿಗಿಳಿದ ಮೇಲೆ ಬಾಯಿ ಖಾಲಿಯಾಯಿತು.

"ಅಂದ್ರೆ ಕಳ್ಳನನ್ನು ಹಿಡಿಯೋ ಏರ್ಪಾಡು ಅನ್ನು."

"ಅಲ್ಲ ದೊಡ್ಡಪ್ಪಾ. ಮೊದಲು ನಿನ್ನ ಮಾತು ನಿಜ ಅಂತಲೇ ಇಟ್ಕೊಳ್ಳೋದು. ನಂಬಿಕೊಂಡೇ ಶುರು ಮಾಡೋದು. ನಂಬೋಕೆ ಆಗದಷ್ಟು ಕಮ್ಮಿ ಬಂದ್ರೆ ಮಾತ್ರ ಕೈಬಿಡೋದು."

"ಎಂಬತ್ತೊಂಬತ್ತು ಬಂತು ಅನ್ನು. ಮಾತು ಹೋಯ್ತಾ?"

"ಹೋಗಲ್ಲ. ನಿನ್ನ ಕೈ ನಿಜವಾಗಿ ತೊಂಬತ್ತರದೇ ಆದ್ರೂ ಒಂದು ನೂರರಲ್ಲಿ ತೊಂಬತ್ತೆರಡು ಬರಬಹುದು, ಇನ್ನೊಂದರಲ್ಲಿ ಎಂಬತ್ತೇಳು ಬರಬಹುದು. ಅದು ಗಿಡಗಳ ಚೆಲ್ಲಾಟ. ಎಂಬತ್ತೈದಕ್ಕಿಂತ ಕೆಳಗೆ ಇಳಿಯೋದು ಮಾತ್ರ ತುಂಬ ಅಪರೂಪ. ಅಂಥ ಪರೀಕ್ಷೆ ನೂರು ಸಲ ಮಾಡಿದ್ರೆ ನಾಲ್ಕು ಸಲ ಆದೀತು. ಅದಕ್ಕೆ ಅಲ್ಲೊಂದು ಗೆರೆ ಹಾಕೋದು. ಎಂಬತ್ತೈದು, ಅದರ ಮೇಲೆ ಎಷ್ಟು ಬಂದ್ರೂ ನಿನ್ನ ಮಾತಿಗೆ ಧಕ್ಕೆಯಿಲ್ಲ."

"ತೊಂಬತ್ತೆಂಟು ಬಂದ್ರೆ ಏನು ಕೊಡ್ತೀಯ?"

"ಏನೂ ಇಲ್ಲ. ಆ ಕಡೆ ನಾನು ನೋಡೋದೇ ಇಲ್ಲ. ಹೆಚ್ಚು ಬದುಕಿದ್ರೆ ಸಂಘದವರು ಜಗಳಕ್ಕೆ ಬರ್ತಾರಾ? ನಮಗಿರೋ ಪ್ರಶ್ನೆ ಒಂದೇ ಕಡೆಯದು. ಕಮ್ಮಿಯಾಗಿದೆಯೋ ಇಲ್ಲವೋ."

ದೊಡ್ಡಪ್ಪ ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದ. "ಒಳ್ಳೇದು ಎಷ್ಟಿದ್ರೂ ಕಣ್ಣಿಗೆ ಬೀಳಲ್ಲ, ಕೆಟ್ಟದ್ದು ಮಾತ್ರ ಬೀಳುತ್ತೆ. ಇದನ್ನ ಕಲಿಯೋಕೆ ಕಾಲೇಜಿಗೆ ಯಾಕೆ ಹೋದೆ? ನಿನ್ನ ದೊಡ್ಡಮ್ಮ ಮನೆಯಲ್ಲೇ ಹೇಳಿಕೊಡ್ತಿದ್ಲಲ್ಲ."

ಚಪ್ಪರವೆಲ್ಲ ನಕ್ಕಿತು. ಚುರುಕನೂ ನಕ್ಕ.

ಅವಳು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದಳು. ಎಣಿಸಿದ ಮೇಲೆ ಗೆರೆ ಸರಿಸಿದಳು ಎಂಬ ಮಾತು ಬರಬಾರದೆಂದು ಆಫೀಸು ಕೋಣೆಯ ಹೊರಗೋಡೆಯ ಮೇಲೆ ಸೀಮೆಸುಣ್ಣದಿಂದ ಮೊದಲೇ ಬರೆದಳು: ಮಾತು ತೊಂಬತ್ತು, ಗೆರೆ ಎಂಬತ್ತೈದು. ಬಿಳಿಪಟ್ಟಿಯ ಪಾತಿಯಲ್ಲಿ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಆರಿಸದೆ, ಪ್ರತಿ ಗಿಡಕ್ಕೂ ಒಂದು ಸಂಖ್ಯೆ ಕೊಟ್ಟು, ಚೀಟಿ ಮಾಡಿ, ಬಕೆಟ್ಟಿನಲ್ಲಿ ಕಲಸಿ, ನೂರನ್ನು ಎತ್ತಿದಳು. ಅಂಚಿನದೂ ಬಂತು, ನಡುವಿನದೂ ಬಂತು. ನೆರಳು ಪರದೆಯ ಕೆಳಗೆ ಒಂದೇ ಕಡೆ ಜೋಡಿಸಿ, ನೀರನ್ನೂ ತಾನೇ ನಿಂತು ಹಾಕಿಸಿದಳು. ಕಲಿತ ವಿದ್ಯೆ ಕೈಕೊಡಬಾರದೆಂದು ಎಷ್ಟು ಕಡೆ ಕಣ್ಣಿಡಬೇಕೋ ಅಷ್ಟೂ ಕಡೆ ಇಟ್ಟಳು. ದೊಡ್ಡಪ್ಪ ಹೋಗುತ್ತ ಬರುತ್ತ ಆ ಸಾಲಿನ ಹತ್ತಿರ ನಿಲ್ಲುವನು, ಮುಟ್ಟುವನಲ್ಲ. ಹೊಸಬರು ಯಾರಾದರೂ ಬಂದರೆ ಗೋಡೆ ತೋರಿಸಿ, "ನಮ್ಮ ಮಗಳು ನನಗೆ ಪರೀಕ್ಷೆ ಇಟ್ಟಿದಾಳೆ. ನೂರಕ್ಕೆ ಎಂಬತ್ತೈದು ತೆಗೆದ್ರೆ ಪಾಸು" ಎನ್ನುವನು. ಶಾಲೆಯ ಮೆಟ್ಟಿಲು ಹತ್ತದವನಿಗೆ ಆ ಮಾತು ಹೇಳುವುದೇ ಒಂದು ಸಂಭ್ರಮವಾಗಿತ್ತು.

ಎಣಿಸುವ ದಿನ ಬೆಳಗ್ಗೆ ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತರು. ಚುರುಕ ಒಂದೊಂದೇ ಟೋಪಿ ಎತ್ತಿದ, ಅವಳು ನೋಡಿದಳು. ಚಿಗುರೊಡೆದದ್ದು ಬಲಕ್ಕೆ, ಕಪ್ಪಾದದ್ದು ಎಡಕ್ಕೆ. ಅನುಮಾನ ಬಂದರೆ ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡಿ, ಇದ್ದರೆ ಬಲಕ್ಕೆ. ಎಡಗಡೆ ಹತ್ತಾಗುವವರೆಗೆ ಮಾತು ನಡೆದಿತ್ತು, ನಗು ನಡೆದಿತ್ತು. ಹದಿನೈದಾದಾಗ ಮಾತು ನಿಂತಿತು. ಆಮೇಲೆ ಟೋಪಿಯ ಪ್ಲಾಸ್ಟಿಕ್ಕಿನ ಸರಸರ ಸದ್ದೊಂದೇ. ಬಲಕ್ಕೆ ಎಂಬತ್ತಮೂರು, ಎಡಕ್ಕೆ ಹದಿನೇಳು.

ಅವಳು ಇನ್ನೊಮ್ಮೆ ಎಣಿಸಿದಳು. ಎಡಗಡೆಯವುಗಳ ತೊಗಟೆಯನ್ನು ಮತ್ತೆ ಮತ್ತೆ ಕೆರೆದಳು. ಎಲ್ಲೂ ಹಸಿರು ಸಿಗಲಿಲ್ಲ.

"ಎರಡು ಗಿಡ ತಾನೇ," ಯಜಮಾನರು ಕುರ್ಚಿಯಲ್ಲಿ ಹೊರಳಿದರು. "ಎರಡು ಗಿಡಕ್ಕೆ ಏನು ಮಹಾ."

ಚುರುಕನೂ, "ಹೌದು, ಗಾಳಿಗೆ ಎರಡು ಹೋಗಿರ್ತವೆ" ಅಂದ.

ದೊಡ್ಡಪ್ಪ ತಲೆಯಾಡಿಸಿದ. "ಗೆರೆ ಅಂದ ಮೇಲೆ ಗೆರೆ. ಮೊದಲೇ ಬರೆದಿದಾಳೆ, ಎಲ್ಲರೂ ನೋಡಿದೀವಿ." ಅವಳ ಕಡೆ ತಿರುಗಿ, "ಇದರ ಅರ್ಥ ಹೇಳು ಲೆಕ್ಕದಮ್ಮ. ಮುಚ್ಚಿಡಬೇಡ" ಅಂದ.

ಕೈಯಲ್ಲಿದ್ದ ಒಣ ಗಿಡವನ್ನು ಅವಳು ಎಡಕ್ಕಿಟ್ಟಳು. "ನಿನ್ನ ಕೈ ತೊಂಬತ್ತರದೇ ಆಗಿದ್ರೆ ಇಷ್ಟು ಕಮ್ಮಿ ಬರೋದು ನೂರಕ್ಕೆ ಎರಡು ಸಲ ಮಾತ್ರ. ಆ ಎರಡರಲ್ಲಿ ಇದೂ ಒಂದಾಗಿರಬಹುದು ದೊಡ್ಡಪ್ಪಾ. ಆಗಲ್ಲ ಅಂತೇನಿಲ್ಲ."

"ನಾನು ಅಷ್ಟು ಅಪರೂಪದವನಲ್ಲ ಬಿಡು" ಅಂದ ಅವನು.

ಯಾರೂ ಅವನನ್ನು ಹೋಗು ಅನ್ನಲಿಲ್ಲ. ನೀರು ಬಿಡುವ ಉಸ್ತುವಾರಿ ನೋಡಿಕೊಳ್ಳಿ, ಚಪ್ಪರದಲ್ಲಿ ಸುಮ್ಮನೆ ಕೂತಿದ್ದರೂ ಸಾಕು, ಇರಿ ಎಂದು ಯಜಮಾನರು ಒಳ್ಳೆಯ ಮಾತಿನಲ್ಲೇ ಹೇಳಿದರು. ಅವನು ಮಣೆ ಎತ್ತಿ ಗೋಡೆಗೆ ಒರಗಿಸಿದ. ಉಳಿದ ಬಿಳಿಪಟ್ಟಿಯ ಸುರುಳಿಯನ್ನು ಚುರುಕನ ಹೆಂಡತಿಯ ಬುಟ್ಟಿಯಲ್ಲಿಟ್ಟು, "ಹಸಿರು ಮುಗಿದಾಗ ಬಳಸ್ಕೋ ತಾಯಿ" ಎಂದು ಹೇಳಿ ಮನೆಗೆ ನಡೆದ. ದಾರಿಯಲ್ಲಿ ಸಿಕ್ಕವರಿಗೂ ತಾನೇ ಹೇಳಿದನಂತೆ, "ಫೇಲಾದೆ" ಎಂದು.

ದೊಡ್ಡಮ್ಮ ಮಾತ್ರ ಸುಮ್ಮನಿರಲಿಲ್ಲ. ಲೆಕ್ಕದಮ್ಮ ಹೊಸ್ತಿಲು ದಾಟುವ ಮೊದಲೇ ಶುರು ಮಾಡಿದಳು.

"ಬಾರಮ್ಮ ಬಾ. ತೊಟ್ಟಿಲು ತೂಗಿದ ಕೈ ಅದು. ಅದಕ್ಕೇ ಮಾರ್ಕು ಹಾಕಿ ಬಂದೆಯಾ?"

"ಅವಳ ಮೇಲೆ ಯಾಕೆ ಎಗರ್ತೀಯ," ಒಳಗಿನಿಂದ ದೊಡ್ಡಪ್ಪನ ದನಿ ಬಂತು. "ಅವಳು ನನ್ನ ಮಾತು ನಂಬಿಕೊಂಡೇ ಶುರು ಮಾಡಿದ್ದು."

ದಿನ ಕಳೆದವು. ಬೋರ್ಡಿನ ಮಾತು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಗಟ್ಟಿಯಾಯಿತು. ಸಂಘದವರು ಮುಂದಿನ ಲಾರಿಯಲ್ಲಿ ಒಯ್ದದ್ದು ತೊಂಬತ್ತೆರಡರಂತೆ ಹಿಡಿಯಿತು. ಅವರ ಮುಖ್ಯಸ್ಥ ಬಂದು, "ಹೊಸ ಕೈ ಹೊಸ ಕೈನೇ" ಎಂದು ಹೊಗಳಿ ಹೋದ. ಲೆಕ್ಕದಮ್ಮನಿಗೆ ಸಂಕಟವಾಯಿತು. ಜೊತೆಗೆ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಮಾಧಾನವೂ ಆಯಿತು. ಲೆಕ್ಕ ಸರಿಯಿತ್ತಲ್ಲ. ಕರುಳು ಒಪ್ಪದಿದ್ದರೂ ಲೆಕ್ಕ ಸರಿಯಿತ್ತು ಎಂಬುದನ್ನೇ ಹಿಡಿದುಕೊಂಡು ಅವಳು ದಿನ ದೂಡಿದಳು.

ಅತ್ತ ದೊಡ್ಡಪ್ಪ ಆ ಲೆಕ್ಕವನ್ನು ಅವಳಿಗಿಂತ ಹೆಚ್ಚಾಗಿ ನಂಬಿದ್ದ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ. ಗಡ್ಡ ತಾನೇ ಹೆರೆದುಕೊಳ್ಳುತ್ತಿದ್ದವನು ಕ್ಷೌರದಂಗಡಿಗೆ ಹೋದ. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬೆರಳುಗಳನ್ನು ಬೇರೆಯವರ ಬೆರಳೆಂಬಂತೆ ನೋಡುವನು. ದೊಡ್ಡಮ್ಮ ಬೈಯುವುದನ್ನು ಬಿಟ್ಟು ಸುಮ್ಮನೆ ಗುಂಡಿ ಹಾಕಿಕೊಡುವಳು. ಮಾತಿನ ಮಲ್ಲಿ ಹಾಗೆ ಸುಮ್ಮನಾದದ್ದು ಆ ಮನೆಯಲ್ಲಿ ಅದೇ ಮೊದಲು.

ಹೀಗಿರುವಾಗ ಒಂದು ಮಧ್ಯಾಹ್ನ ಮಣ್ಣಕ್ಕ ಆಫೀಸು ಕೋಣೆಯ ಬಾಗಿಲಿಗೆ ಬಂದು ನಿಂತಳು. ಚೀಲಗಳಿಗೆ ಮಣ್ಣು ತುಂಬುವವಳು ಅವಳು. ಮೊಣಕೈವರೆಗೂ ಮಣ್ಣಿರುತ್ತಿದ್ದುದರಿಂದ ಆ ಹೆಸರು.

"ಆ ಸಣಕಲು ಬೇರುಗಿಡಗಳನ್ನ ಏನು ಮಾಡಲಿ? ಗೊಬ್ಬರದ ಗುಂಡಿ ತುಂಬಿಹೋಯ್ತು. ಈ ವರ್ಷ ಗೊರಟೆ ತಡವಾಗಿ ಬಿತ್ತಿ ಅರ್ಧಕ್ಕರ್ಧ ಕಡ್ಡಿಪುಳ್ಳೆ ಬಂದಿವೆ. ಖಾಲಿ ಮಾಡಿಸಿದ್ರೆ ಚೀಲವಾದ್ರೂ ಮಿಗ್ತವೆ."

"ಮುಂಚೆ ಏನು ಮಾಡ್ತಿದ್ರಿ?"

"ಮುಂಚೆ ಎಲ್ಲಿ ಮಿಗ್ತಿದ್ವು? ದೊಡ್ಡಪ್ಪ ಕಟ್ತಿದ್ರಲ್ಲ" ಎಂದಳು ಮಣ್ಣಕ್ಕ, ಇದೆಂಥ ಪ್ರಶ್ನೆ ಎನ್ನುವಂತೆ.

ಚಪ್ಪರದ ದಿನನಿತ್ಯದ ಬೆಳಗು ಲೆಕ್ಕದಮ್ಮನ ಕಣ್ಣ ಮುಂದೆ ಬಂತು.

ಬೆಳಗ್ಗೆ ಬೇರುಗಿಡಗಳನ್ನು ತಂದು ಚಪ್ಪರದಲ್ಲಿ ರಾಶಿ ಇಳಿಸುತ್ತಾರೆ. ಚುರುಕ ಮತ್ತು ಅವನ ಹೆಂಡತಿ ಬಂದು ಪೆನ್ಸಿಲ್ ಗಾತ್ರದ, ಹದವಾಗಿ ಬಲಿತ ಗಿಡಗಳನ್ನು ಆರಿಸಿ ಎಳೆದುಕೊಳ್ಳುತ್ತಾರೆ. ದೊಡ್ಡಪ್ಪ ಎಲ್ಲರೂ ತೆಗೆದುಕೊಂಡ ಮೇಲೆ ಎದ್ದು, ಉಳಿದದ್ದನ್ನು ತಂದುಕೊಳ್ಳುತ್ತಾನೆ. ಪೊರಕೆ ಕಡ್ಡಿಯ ಹಾಗಿರುವ, ಸೊಟ್ಟ ಕತ್ತಿನ, ಯಾರಿಗೂ ಬೇಡವಾದ ಗಿಡಗಳು. "ಬಿಟ್ರೆ ಗುಂಡಿಗೆ ಹೋಗ್ತವೆ ಪಾಪ, ಅವೂ ನೀರು ಕುಡಿದಿವೆ" ಎನ್ನುತ್ತಿದ್ದ. ಮುಂಚಿನ ಕಸಿಗಾರರಿದ್ದಾಗಲೂ ಅಷ್ಟೇ. ಆಗೆಲ್ಲ ಅಂಥವು ಕೆಲವೇ ಇರುತ್ತಿದ್ದವು, ಈ ವರ್ಷ ಅರ್ಧ ರಾಶಿಯೇ ಅಂಥದಾಗಿತ್ತು. ಅವಳು ಆ ರಾಶಿಗೇ ಒರಗಿ ಬೆಳೆದವಳು. ನೋಡಿಲ್ಲವೆಂದಲ್ಲ, ದಿನಾ ನೋಡಿದ್ದಳು. ಮನೆಯ ಹೊಸ್ತಿಲು ಎಷ್ಟೆತ್ತರ ಎಂದು ಮನೆಯವರನ್ನು ಕೇಳಿದರೆ ತಡಬಡಾಯಿಸುತ್ತಾರೆ. ಕಾಲು ತಾನಾಗಿ ಎತ್ತುತ್ತದೆ, ಕಣ್ಣು ನೋಡುವುದಿಲ್ಲ.

ಚೀಟಿ ಕಲಸಿದ್ದಳು, ನೀರು ಅಳೆದಿದ್ದಳು, ಗೆರೆಯನ್ನು ಮೊದಲೇ ಬರೆದಿದ್ದಳು. ಆ ನೂರು ಗಿಡ ಎಂಥ ಗಿಡ ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ನೀಲಿ ಪಟ್ಟಿಯವನ್ನೂ ಹಸಿರು ಪಟ್ಟಿಯವನ್ನೂ ಪಕ್ಕದಲ್ಲಿ ಜೋಡಿಸಿಟ್ಟಿದ್ದರೆ ಕಾಂಡದ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಅವನು ಹೋದ ಮೇಲೆ ನರ್ಸರಿಯ ಕಸಿ ತೊಂಬತ್ತೆರಡಕ್ಕೆ ಏರಿದ್ದೂ ಹೊಸ ಕೈಯಿಂದಲ್ಲ, ಸಣಕಲು ಗಿಡಗಳನ್ನು ಯಾರೂ ಕಟ್ಟದೆ ಗುಂಡಿಗೆ ಹಾಕಿದ್ದರಿಂದ.

ಆದರೂ ಅವಳು ಓಡಿಹೋಗಿ ಹೇಳಲಿಲ್ಲ. ಒಂದು ಸಲ ಅವಸರಕ್ಕೆ ಬಿದ್ದದ್ದು ಸಾಕಾಗಿತ್ತು. ಗುಂಡಿಯ ಪಕ್ಕ ಉಳಿದಿದ್ದವುಗಳಿಂದ ನೂರು ಸಣಕಲು ಗಿಡ ಆರಿಸಿ ತಂದು ಚುರುಕನ ಮುಂದಿಟ್ಟಳು.

"ಇವನ್ನ ಕಟ್ಟಿಕೊಡು."

ಅವನು ಒಂದನ್ನು ಎತ್ತಿ ಎರಡು ಬೆರಳ ನಡುವೆ ಹೊರಳಿಸಿದ. "ಇದನ್ನ ಸೀಳೋದು ಹೇಗೆ? ಚಾಕು ಇಟ್ರೆ ಎರಡು ಹೋಳಾಗುತ್ತೆ."

"ದೊಡ್ಡಪ್ಪ ಹೇಗೆ ಸೀಳ್ತಿದ್ರೋ ಹಾಗೆ."

ಚುರುಕ ಅವಳ ಮುಖ ನೋಡಿದ. ಮೈಯೆಲ್ಲ ಕಣ್ಣಾಗಿ ಕಟ್ಟಿದ, ಅವನ ಕೆಲಸದಲ್ಲಿ ಮೋಸವಿರಲಿಲ್ಲ. ಚಿಗುರುವ ಕಾಲ ಬಂದಾಗ ನೂರರಲ್ಲಿ ಹಿಡಿದದ್ದು ಐವತ್ತೆಂಟು. ಎಣಿಸಿದ ಮೇಲೆ ಅವನು ಒಣಗಿದ್ದೊಂದನ್ನು ಕೈಗೆತ್ತಿಕೊಂಡ.

"ಇಂಥವನ್ನ ಕಟ್ಟಿ ಎಂಬತ್ತಮೂರು ಹಿಡಿಸಿದ್ರಾ ಅವರು?" ಅಂದ. "ನಾವು ದಪ್ಪದವನ್ನ ಎತ್ತಿಕೊಳ್ತಿದ್ವಲ್ಲ, ನಮಗಾದ್ರೂ ಹೊಳೀಬೇಕಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದಂಗಾಯ್ತು" ಅಂದ.

ಯಜಮಾನರು ಎಲ್ಲ ಕೇಳಿಸಿಕೊಂಡು, "ಬರೋಕೆ ಹೇಳು. ದಪ್ಪ ಗಿಡ ಮೊದಲು ಅವರ ಮಣೆಗೆ ಹೋಗಲಿ. ನಾನೇ ಬಂದು ಕರೀಬೇಕು ಅಂದ್ರೆ ಅದಕ್ಕೂ ಸೈ" ಅಂದರು.

ಲೆಕ್ಕದಮ್ಮ ಒಬ್ಬಳೇ ಹೋದಳು. ಒದ್ದೆ ಗೋಣಿಯಲ್ಲಿ ನಾಲ್ಕು ಬೇರುಗಿಡ, ನಾಲ್ಕು ಕಡ್ಡಿ, ಒಂದು ಚಾಕು ಸುತ್ತಿಕೊಂಡಿದ್ದಳು. ಇಳಿಬಿಸಿಲು. ದೊಡ್ಡಪ್ಪ ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತು, ಗೋಡೆಯ ಮೇಲೆ ಸಾಲು ಹೋಗುತ್ತಿದ್ದ ಇರುವೆಗಳನ್ನು ನೋಡುತ್ತಿದ್ದ. ದೊಡ್ಡಮ್ಮ ಬಟ್ಟೆ ಮಡಚುತ್ತಿದ್ದಳು. ಲೆಕ್ಕದಮ್ಮ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ರಾಶಿಯ ವಿಷಯ, ಮಣ್ಣಕ್ಕ ಕೇಳಿದ್ದು, ಚುರುಕನ ಐವತ್ತೆಂಟು, ಯಜಮಾನರ ಮಾತು.

"ತಪ್ಪು ನನ್ನದು ದೊಡ್ಡಪ್ಪಾ. ಎಣಿಸಿದ್ದು ಸರಿ, ಕೇಳಿದ ಪ್ರಶ್ನೆ ತಪ್ಪು. ನಿನ್ನ ಕೈಗೆ ಏನೂ ಆಗಿಲ್ಲ."

ದೊಡ್ಡಮ್ಮ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಮುಖ ನೋಡಿದಳು.

ಅವನು ನಕ್ಕ. ಜ್ವರ ಬಂದ ಮಗು ಮೈ ಬಿಸಿಯಿಲ್ಲ ಎಂದು ಹಟ ಮಾಡಿದಾಗ ನಗುವಂಥ ನಗು.

"ಕೂತ್ಕೋ. ಬಿಸಿಲಲ್ಲಿ ಬಂದಿದೀಯ."

"ನಾನು ಸುಳ್ಳು ಹೇಳ್ತಿಲ್ಲ."

"ನೀನು ಸುಳ್ಳು ಹೇಳೋಳಲ್ಲ. ನೊಂದುಕೊಂಡಿದೀಯ, ಅಷ್ಟೇ. ನನ್ನ ಸಮಾಧಾನಕ್ಕೆ ಹುಡುಕ್ತಾ ಹೋಗಿದೀಯ, ಹುಡುಕಿದೋರಿಗೆ ಏನಾದ್ರೂ ಸಿಗುತ್ತೆ. ಅವತ್ತು ನೀನು ಏನನ್ನೂ ಹುಡುಕ್ತಿರಲಿಲ್ಲ. ಗೋಡೆ ಮೇಲೆ ಮೊದಲೇ ಬರೆದು, ನ್ಯಾಯವಾಗಿ ಎಣಿಸಿದೆ. ಅದು ಲೆಕ್ಕ. ಇದು ನಿನ್ನ ಪ್ರೀತಿ."

"ಸಣಕಲು ಗಿಡ ಕಟ್ತಿದ್ದೋನು ನೀನಲ್ವಾ? ಅದನ್ನಾದ್ರೂ ಒಪ್ಕೋ. ಅವತ್ತೇ ಯಾಕೆ ಹೇಳಲಿಲ್ಲ?"

"ನಿನಗೆ ಗೊತ್ತಿಲ್ವಾ ಏನು? ಆ ರಾಶಿ ಮೇಲೇ ಮಲಗಿ ಎದ್ದೋಳು ನೀನು. ಅದನ್ನೆಲ್ಲ ಸೇರಿಸಿಯೇ ಲೆಕ್ಕ ಹಾಕಿರ್ತೀಯ ಅಂದ್ಕೊಂಡೆ." ಅವನು ಸಹಜವಾಗಿ ಹೇಳಿದ, ದೂರಿನ ಎಳೆಯೂ ಇಲ್ಲದೆ. ದೂರಿದ್ದರೆ ಅವಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಅವಳು ಮೆಟ್ಟಿಲ ಮೇಲೆ ಅವನ ಪಕ್ಕ ಕೂತು ಗೋಣಿ ಬಿಚ್ಚಿದಳು. "ಇದೊಂದು ಕಟ್ಟು. ಮಾತು ಬೇಡ. ನಾಲ್ಕೂ ಬೇಡ, ಒಂದೇ ಒಂದು."

"ಒಂದರಿಂದ ಏನು ಗೊತ್ತಾಗುತ್ತೆ? ನೂರಾದ್ರೂ ಬೇಕಲ್ವಾ?"

"ಪರೀಕ್ಷೆಗಲ್ಲ. ನಾನು ನೋಡಬೇಕು, ಅದಕ್ಕೆ."

ದೊಡ್ಡಮ್ಮ, "ಮಗು ಕೇಳ್ತಿದೆ, ಕಟ್ಟಿಕೊಟ್ರೆ ಗಂಟು ಹೋಗುತ್ತಾ?" ಅಂದಳು. ಬಹಳ ದಿನಕ್ಕೆ ಅವಳ ದನಿ ಹಳೆಯ ದನಿಯಾಗಿತ್ತು.

ಅವನು ಕಡ್ಡಿ ತೆಗೆದುಕೊಂಡ. ಕಣ್ಣಿನ ಮಟ್ಟಕ್ಕೆ ಎತ್ತಿ, ಮೊಗ್ಗುಗಳು ಉಬ್ಬಿವೆಯೇ ಎಂದು ಅಭ್ಯಾಸದ ಮೇಲೆ ಹೆಬ್ಬೆರಳು ಸವರಿದ. ಅಷ್ಟರವರೆಗೆ ಅದು ಹಳೆಯ ಕೈಯೇ. ಬೆಣೆ ಮಾಡಲು ಬಲಗೈ ಚಾಕುವನ್ನು ಹಿಡಿಯಿತು. ಅಂಚು ತೊಗಟೆಯ ಹತ್ತಿರ ಹೋಗುತ್ತಲೇ ಅವನು ಉಸಿರು ಬಿಗಿಹಿಡಿದು, ಕಣ್ಣನ್ನು ಕಡ್ಡಿಯಿಂದ ತೆಗೆದು ತನ್ನ ಬೆರಳುಗಳ ಮೇಲೆ ನೆಟ್ಟ. ಬೆರಳುಗಳು ಆ ನೋಟ ತಡೆಯಲಾರದವುಗಳ ಹಾಗೆ ನಡುಗಿದವು. ಎರಡೇ ಎಳೆತಕ್ಕೆ ಮುಗಿಯಬೇಕಾದದ್ದು ನಾಲ್ಕಾಯಿತು, ಐದಾಯಿತು. ಬೆಣೆ ಮೆಟ್ಟಿಲು ಮೆಟ್ಟಿಲಾಯಿತು. ಮತ್ತೊಮ್ಮೆ ಚಾಕು ಇಟ್ಟಾಗ ಕಡ್ಡಿಯ ತುದಿ ಮುರಿದು ಇಬ್ಬರ ಪಾದಗಳ ನಡುವೆ ಬಿತ್ತು.

ದೊಡ್ಡಮ್ಮ ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಹೋದಳು.

ಲೆಕ್ಕದಮ್ಮನಿಗೆ ಹೇಳಬೇಕೆನಿಸಿತು: ಅವತ್ತು ಈ ನಡುಕ ಇರಲಿಲ್ಲ, ಎಂಬತ್ತಮೂರು ಎಂದು ನಾನು ಹೇಳಿದ ಮೇಲೆ ಬಂದದ್ದು ಇದು, ನಾನು ತಂದದ್ದು. ಇದಕ್ಕೆ ಸಾಕ್ಷಿ ಏನು ಎಂದು ಅವನು ಕೇಳಿದರೆ ಅವಳಲ್ಲಿ ಒಂದು ಗಿಡವೂ ಇರಲಿಲ್ಲ. ಎಣಿಸಲು ಹೋಗದೆ ನಂಬಬೇಕಾದ ಮಾತು ಅದು. ಎಣಿಸದೆ ನಂಬಬಾರದೆಂದು ಅವನಿಗೆ ಕಲಿಸಿದವಳೇ ಅವಳು.

ದೊಡ್ಡಪ್ಪ ಚಾಕುವನ್ನು ಮಡಚಿ ಅವಳ ಅಂಗೈಯಲ್ಲಿಟ್ಟು, ತನ್ನ ನಡುಗುವ ಕೈಯಿಂದಲೇ ಅವಳ ಬೆರಳುಗಳನ್ನು ಅದರ ಸುತ್ತ ಮುಚ್ಚಿದ.

"ನೋಡಿದೆಯಾ? ಅಳಬೇಡ" ಅಂದ. "ನಿನ್ನ ಲೆಕ್ಕವೇ ಸರಿಯಿತ್ತು." ಅವಳಿಗೆ ಸಮಾಧಾನವಾಗಲೆಂಬ ಆತುರ ಆ ದನಿಯಲ್ಲಿತ್ತು. ಅವಳು ಇನ್ನೂ ಅಳುತ್ತಿರುವುದು ಯಾಕೆಂದು ತಿಳಿಯದೆ ಅವನು ಅದೇ ಮಾತನ್ನು ಮತ್ತೊಮ್ಮೆ, ಇನ್ನಷ್ಟು ಮೆಲ್ಲಗೆ ಹೇಳಿದ.